ಗಂಗೆಯ ಕೊಡವೂ ಕಂಡವರ ಗಾಡಿಯೂ

ಒಂದು ಕೊಡ ನೀರು ತರುವುದರಲ್ಲಿ ಏನು ದೊಡ್ಡ ವಿದ್ಯೆ ಇದೆ? ಬುದ್ಧಿ ಬಂದಾಗಿನಿಂದ ನೀರು ಹೊತ್ತವಳು ನಾನು. ಬಾವಿಯಿಂದ ಹೊತ್ತಿದ್ದೇನೆ, ಬೋರಿಂಗಿನಿಂದ ಹೊತ್ತಿದ್ದೇನೆ, ನಮ್ಮ ನಿಟ್ಟುವಳ್ಳಿಯ ಬೀದಿ ನಲ್ಲಿಯಲ್ಲಿ ಜಗಳವಾಡಿ, ಗೆದ್ದು, ಹೊತ್ತಿದ್ದೇನೆ. ಹೀಗಿರುವಾಗ ಮಗಳ ಹೊಸ ಮನೆಯ ಗೃಹಪ್ರವೇಶಕ್ಕೆ ಹರಿಹರದ ಹೊಳೆಯಿಂದ ಒಂದು ಕೊಡ ಗಂಗೆ ತರುವ ಕೆಲಸ ನನ್ನ ಪಾಲಿಗೆ ಬಂದಾಗ "ಇಷ್ಟೇನಾ?" ಎಂದುಬಿಟ್ಟೆ.

ಅನ್ನಬಾರದಿತ್ತು. ಅಂದೆ.

ಮಗಳು ಗಿರಿಜಾ. ಶಾಮನೂರಿನ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದ್ದಳು. ಅವಳ ಅತ್ತೆ, ಅಂದರೆ ನನ್ನ ಬೀಗತಿ ನೀಲಮ್ಮನವರು, ಶಾಸ್ತ್ರದಲ್ಲಿ ಬಹಳ ಕಟ್ಟುನಿಟ್ಟು. ಪಂಚಾಂಗ ಬರೆಯುವವರೂ ಇವರನ್ನು ಒಂದು ಮಾತು ಕೇಳಿಯೇ ಅಚ್ಚಿಗೆ ಕೊಡುತ್ತಾರೋ ಏನೋ. ಹಿಂದಿನ ದಿನ ನೆಂಟರೆಲ್ಲ ಕೂತಿದ್ದಾಗ ಅವರು ನನಗೆ ಷರತ್ತುಗಳನ್ನು ಓದಿ ಹೇಳಿದರು.

"ನೋಡ್ರಿ ಬೀಗರೇ, ಹೊಳಿಯಾಗ ಕೊಡ ತುಂಬಿದ ಮ್ಯಾಲೆ ಈ ಹೊಸ್ತಿಲು ಮುಟ್ಟೋ ತನಕ ಮಾತಾಡಂಗಿಲ್ಲ. ಹಿಂದೆ ತಿರುಗಿ ನೋಡಂಗಿಲ್ಲ. ಕೊಡ ನೆಲಕ್ಕಿಡಂಗಿಲ್ಲ. ನಿಮ್ಮ ಜೋಡಿ ಬರೋರಿಗೂ ಇದೇ ಕಟ್ಟು. ಆಗಂಗಿಲ್ಲ ಅಂದ್ರ ಈಗಲೇ ಹೇಳ್ರಿ, ನಮ್ಮ ತಂಗೀನ ಕಳಿಸ್ತೀನಿ."

"ಯಾಕ ಆಗಂಗಿಲ್ಲ?" ಎಂದೆ.

"ಅಲ್ಲ, ನೀರು ಹೊರೋದು ನಿಮಗ ಕಷ್ಟ ಅಲ್ಲ. ಬಾಯಿ ಮುಚ್ಚೋದು ಕಷ್ಟ."

ನೆಂಟರೆಲ್ಲ ನಕ್ಕರು. ನಮ್ಮ ಯಜಮಾನರೂ ನಕ್ಕರು. ಅವರ ನಗು ಎಲ್ಲರಿಗಿಂತ ಸ್ವಲ್ಪ ಉದ್ದವಾಗಿತ್ತು!

ಆಮೇಲೆ ಗಿರಿಜಾ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಅವ್ವಾ, ಈ ಮನ್ಯಾಗ ಇನ್ನ ಮ್ಯಾಲೆ ದಿನಾ ನಮ್ಮತ್ತಿ ಜೋಡಿ ಬಾಳ್ವೆ ಮಾಡಾಕಿ ನಾನು. ನಾಳಿ ಏನಾರ ಹೆಚ್ಚುಕಡಿಮಿ ಆದ್ರ ಸಾಯೋ ತನಕ ನಿಮ್ಮವ್ವ ಹಿಂಗ ಮಾಡಿದ್ಲು ಅಂತ ಅನ್ನಿಸ್ಕೋಬೇಕು. ಒಂದು ಕೊಡ ನೀರು ಸುಮ್ಮನ ತಂದು ಕೊಟ್ಟುಬಿಡು."

ಅಲ್ಲಿಗೆ ಅದು ನೀರಿನ ಕೆಲಸವಾಗಿ ಉಳಿಯಲಿಲ್ಲ. ನನ್ನ ಮಾನ, ನನ್ನ ಮಗಳ ಮಾನ, ನಮ್ಮ ಮನೆತನದ ಮಾನ ಎಲ್ಲವೂ ಒಂದು ತಾಮ್ರದ ಕೊಡದಲ್ಲಿ ಬಂದು ಕೂತವು.

ಬೆಳಿಗ್ಗೆ ಹೊರಡುವ ಮುಂಚೆ ನಾನೂ ಯಜಮಾನರೂ ಒಂದು ಒಪ್ಪಂದ ಮಾಡಿಕೊಂಡೆವು. ದಿನಾ ಅವರ ಮೋಟರ್ ಬೈಕಿನ ಹಿಂದೆ ಕೂತ ಮೇಲೆ ನಾನು "ಹ್ಞೂಂ, ನಡೀರಿ" ಅನ್ನುತ್ತೇನೆ, ಅವರು ಗಾಡಿ ಬಿಡುತ್ತಾರೆ. ಮದುವೆಯಾದಾಗಿನಿಂದ ಅವರು ತಿರುಗಿ ನೋಡಿದ್ದೇ ಇಲ್ಲ. ಇವತ್ತು ಮಾತಾಡುವ ಹಾಗಿಲ್ಲವಲ್ಲ, ಅದಕ್ಕೆ ಕೂತ ಮೇಲೆ ಬೆನ್ನು ತಟ್ಟಬೇಕು. ತಟ್ಟಿದ ಕೂಡಲೇ ಅವರು ಹೊರಡಬೇಕು. ಎಷ್ಟು ಸುಲಭ! ನನ್ನ ಮೊಬೈಲನ್ನೂ ಮನೆಯಲ್ಲೇ ಬಿಟ್ಟೆ. ಮಾತಾಡಬಾರದ ದಿನ ಫೋನು ಯಾಕೆ?

ಮಾಘದ ಚಳಿ. ಹರಿಹರ ಮುಟ್ಟುವಷ್ಟರಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹೊಳೆ ಕಾಣುತ್ತಿರಲಿಲ್ಲ, ಸಪ್ಪಳ ಮಾತ್ರ ಕೇಳುತ್ತಿತ್ತು. ಮೆಟ್ಟಿಲು ಇಳಿದು ಮೊಣಕಾಲ ತನಕ ನೀರಿಗೆ ಹೋದೆ. ಪೂಜೆ ಮಾಡಿ, ಕೊಡ ತುಂಬಿ, ಮಾವಿನೆಲೆ ಇಟ್ಟು, ಸೆರಗು ತಲೆ ಮೇಲೆ ಹೊದ್ದು, ಬಾಯಿ ಮುಚ್ಚಿದೆ. ಎಂದೂ ಮುಚ್ಚದ ಬಾಗಿಲು ಮುಚ್ಚಿದ ಹಾಗೆ ದವಡೆ ಕಿರ್‍ ಎಂದಿತು.

ವಾಪಸ್ಸು ಬರುವಾಗ ಊರಾಚೆ ಬರುತ್ತಿದ್ದಂತೆಯೇ ಗಾಡಿ ಗುಕ್ಕು ಗುಕ್ಕು ಎಂದಿತು. ಪೆಟ್ರೋಲ್ ಮುಗಿದಿತ್ತು! ಹಿಂದಿನ ದಿನ "ಪೆಟ್ರೋಲ್ ಐತೇನ್ರಿ?" ಎಂದು ಕೇಳಿದ್ದೆ. "ಹರಿಹರಕ್ಕೇನು, ಕಾಶಿಗೂ ಹೋಗಿ ಬರಬಹುದು" ಅಂದಿದ್ದರು. ಅದನ್ನು ಈಗ ನೆನಪಿಸುವ ಹಾಗೂ ಇಲ್ಲ. ಆ ಮಾತು ಗಂಟಲಲ್ಲೇ ಮುಳ್ಳಿನ ಹಾಗೆ ಕೂತಿತು. ದೇವರ ದಯೆ, ಮಂಜಿನಲ್ಲಿ ಒಂದು ಪೆಟ್ರೋಲ್ ಬಂಕಿನ ದೀಪ ಮಬ್ಬಾಗಿ ಕಂಡಿತು.

ಬಂಕಿನಲ್ಲಿ ಹಿಂದೆ ಕೂತವರು ಇಳಿಯಲೇಬೇಕಲ್ಲ. ಇಳಿದೆ. ಕೊಡ ಸೊಂಟದ ಮೇಲೆ. ಪೆಟ್ರೋಲ್ ವಾಸನೆ ಗಂಗೆಗೆ ತಾಗಬಾರದೆಂದು ದೂರ ಹೋಗಿ ಕಂಬದ ಹತ್ತಿರ ನಿಂತೆ. ಅಲ್ಲಿ ಸದ್ದೇ ಇರಲಿಲ್ಲ. ಪೆಟ್ರೋಲ್ ಹಾಕುವವನೂ ಮಫ್ಲರ್ ಸುತ್ತಿಕೊಂಡು, ಕಣ್ಣು ಮಾತ್ರ ಬಿಟ್ಟುಕೊಂಡು, ನೆರಳಿನ ಹಾಗೆ ಓಡಾಡುತ್ತಿದ್ದ. "ಜೀರೋ ನೋಡ್ರಿ" ಎಂಬ ಅವನ ದನಿ ಎಲ್ಲೋ ಬಾವಿಯೊಳಗಿಂದ ಬಂದ ಹಾಗಿತ್ತು. ನನ್ನ ಕನ್ನಡಕಕ್ಕೆ ಮಂಜು ಹಿಡಿದು ಲೋಕವೆಲ್ಲ ಮಜ್ಜಿಗೆಯಲ್ಲಿ ಮುಳುಗಿತ್ತು. ಒರೆಸೋಣವೆಂದರೆ ಎರಡೂ ಕೈ ಕೊಡದ ಮೇಲೆ.

ಸ್ವಲ್ಪ ಹೊತ್ತಿಗೆ ಒಂದು ಗಾಡಿ ಶುರುವಾದ ಸದ್ದಾಯಿತು. ಕಪ್ಪು ಗಾಡಿ. ಕಪ್ಪು ಹೆಲ್ಮೆಟ್. ಕಂದು ಸ್ವೆಟರ್. ಇನ್ನೇನು ಗುರುತು ಬೇಕು? ಗಂಡನನ್ನು ಗುರುತಿಸಲು ಕನ್ನಡಕ ಬೇಕೇ? ಹೋಗಿ ಹತ್ತಿದೆ, ಕೊಡ ತೊಡೆಯ ಮೇಲಿಟ್ಟುಕೊಂಡೆ, ಒದ್ದೆ ಕೈಯಿಂದ ಬೆನ್ನು ತಟ್ಟಿದೆ.

ಆ ಬೆನ್ನು ಒಂದು ಸಲ ಬೆಚ್ಚಿಬಿತ್ತು. ಆಮೇಲೆ ಗಾಡಿ ಹಾರಿತು!

ಚಳಿಗೆ ಬೆಚ್ಚಿದರು ಎಂದುಕೊಂಡೆ. ವಯಸ್ಸಾಯಿತು, ಪಾಪ.

ದಾವಣಗೆರೆ ದಾರಿ ನನಗೆ ಗೊತ್ತು. ಗಾಡಿ ಅದನ್ನು ಬಿಟ್ಟು ಪಕ್ಕಕ್ಕೆ ತಿರುಗಿತು. ಒಳದಾರಿ ಇರಬೇಕು, ಹೊತ್ತಾಯಿತೆಂದು ಬೇಗ ಕರೆದುಕೊಂಡು ಹೋಗುತ್ತಿದ್ದಾರೆ ಎಂದುಕೊಂಡೆ. ಎರಡೂ ಕಡೆ ಗದ್ದೆ. ಗದ್ದೆಯ ಮೇಲೆ ಮಂಜು ಹಾಸಿಗೆ ಹಾಸಿದ ಹಾಗೆ ಮಲಗಿತ್ತು. ಎದುರಿಗೆ ಒಂದು ಗಾಡಿಯಿಲ್ಲ, ಒಬ್ಬ ಮನುಷ್ಯನಿಲ್ಲ. ನಾಲೆಯ ಪಕ್ಕ ಬೆಳ್ಳಕ್ಕಿಗಳು ಒಂಟಿ ಕಾಲಲ್ಲಿ ನಿಂತಿದ್ದವು. ನಾವು ಹೋದರೂ ಅಲುಗಲಿಲ್ಲ.

ಆಗ ಒಂದು ವಿಷಯ ಗಮನಕ್ಕೆ ಬಂತು. ಯಜಮಾನರು ಕೆಮ್ಮುತ್ತಿಲ್ಲ.

ಓದುಗರು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು. ನಮ್ಮ ಯಜಮಾನರು ಕೆಮ್ಮದೆ ಒಂದು ಮೈಲಿ ಹೋದವರಲ್ಲ. ನಿದ್ದೆಯಲ್ಲೂ ಕೆಮ್ಮುತ್ತಾರೆ, ನಮ್ಮ ಮದುವೆಯ ಫೋಟೋದಲ್ಲೂ ಕೆಮ್ಮುತ್ತಲೇ ಕೂತಿದ್ದಾರೆ. ಈ ಬೆನ್ನು ಕೆಮ್ಮುತ್ತಿರಲಿಲ್ಲ. ಅದರ ಬದಲು ಹೆಲ್ಮೆಟ್ಟಿನ ಒಳಗಿನಿಂದ ಒಂದು ಸದ್ದು ಬರುತ್ತಿತ್ತು. "ಉಮ್ಮ್ಮ್ ಉಮ್ಮ್ಮ್" ಎಂದು, ದುಂಬಿ ಬೊಂಬಿನೊಳಗೆ ಸಿಕ್ಕಿಕೊಂಡ ಹಾಗೆ. ಮೂಗು ಹತ್ತಿರ ಮಾಡಿದೆ. ನಮ್ಮವರ ಮೈಯಲ್ಲಿ ಎಲೆ ಅಡಿಕೆಯ ವಾಸನೆ ಇರುತ್ತದೆ. ಇಲ್ಲಿ ಸುಟ್ಟ ಕಬ್ಬಿಣದ ವಾಸನೆ.

ಇದು ನಮ್ಮವರ ಬೆನ್ನಲ್ಲ!

ಕೇಳುವ ಹಾಗಿಲ್ಲ, ಕೂಗುವ ಹಾಗಿಲ್ಲ. ಬೆನ್ನು ತಟ್ಟಿದೆ. ಗಾಡಿ ಜೋರಾಯಿತು. ಇನ್ನೂ ಗಟ್ಟಿಯಾಗಿ ತಟ್ಟಿದೆ. ಇನ್ನೂ ಜೋರಾಯಿತು! ಮುಷ್ಟಿ ಕಟ್ಟಿ ಗುದ್ದಿದೆ. ಗಾಡಿ ಗಾಳಿಯಲ್ಲಿ ತೇಲಿದ ಹಾಗೆ ಹೋಯಿತು. ನಿಲ್ಲಿಸಲು ಏನು ಮಾಡಬೇಕೆಂದು ನಮ್ಮ ಒಪ್ಪಂದದಲ್ಲಿ ಬರೆದಿರಲಿಲ್ಲ.

ಆ ತಲೆ ಒಮ್ಮೆಯೂ ಹಿಂದೆ ತಿರುಗಲಿಲ್ಲ. ಪಕ್ಕದ ಕನ್ನಡಿಯಲ್ಲಿ ನೋಡಿದೆ: ಹೆಲ್ಮೆಟ್ಟಿನ ಕಪ್ಪು ಗಾಜು. ಅದರ ಹಿಂದೆ ಮುಖವೇ ಇಲ್ಲ.

ಯಮ ಬಂದ ಎಂದು ನನಗೆ ಖಾತ್ರಿಯಾಯಿತು. ಹೊಳೆಯಲ್ಲಿ ಕಾಲು ಜಾರಿ ನಾನು ಆಗಲೇ ಸತ್ತಿರಬೇಕು, ಗೊತ್ತಾಗಿಲ್ಲ ಅಷ್ಟೇ. ಯಮ ಕೋಣದ ಮೇಲೆ ಬರುತ್ತಾನೆಂದು ಹಿರಿಯರು ಹೇಳಿದ್ದರು. ಕಾಲ ಬದಲಾಗಿದೆ, ಅವನೂ ಗಾಡಿ ತೆಗೆದುಕೊಂಡಿರಬಹುದು. ಆದರೆ ಯಮನೂ ಸಾಲಿನಲ್ಲಿ ನಿಂತು ಪೆಟ್ರೋಲ್ ಹಾಕಿಸಬೇಕೇ? ಈಗಿನ ರೇಟಿನಲ್ಲಿ ಕೋಣವೇ ಅಗ್ಗ!

ಸತ್ತರೂ ಸರಿ, ಕೊಡ ಮಾತ್ರ ನೆಲಕ್ಕಿಡುವುದಿಲ್ಲ, ಬಾಯಿ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿ ಕೂತೆ. ಸಾವಿಗಿಂತ ಬೀಗತಿಯ ನಗುವಿಗೇ ನನಗೆ ಹೆಚ್ಚು ಹೆದರಿಕೆ.

ಕೊನೆಗೆ ಮಂಜಿನೊಳಗಿಂದ ಒಂದು ಊರು ಎದ್ದು ಬಂತು. ಹೆಂಗಸರು ಅಂಗಳಕ್ಕೆ ನೀರು ಹಾಕುತ್ತಿದ್ದರು. ಗಾಡಿ ನೇರವಾಗಿ ಹನುಮಪ್ಪನ ಗುಡಿಯ ಮುಂದೆ ಹೋಗಿ ಕಿರ್‍ರೆಂದು ನಿಂತಿತು. ಸವಾರ ಒಂದೇ ನೆಗೆತಕ್ಕೆ ಇಳಿದು ಗುಡಿಯ ಕಂಬ ಅಪ್ಪಿಕೊಂಡ. ಗಾಡಿ ವಾಲಿತು. ನಾನು ಒಂದು ಹನಿಯೂ ಚೆಲ್ಲದೆ ಕೊಡದ ಸಮೇತ ನೆಲಕ್ಕೆ ಇಳಿದೆ. ಈ ವಯಸ್ಸಿನಲ್ಲಿ! ನೋಡಿ ಮೆಚ್ಚುವವರು ಯಾರೂ ಇರಲಿಲ್ಲ.

ಅವನು ಹೆಲ್ಮೆಟ್ ಕಿತ್ತೆಸೆದ. ದಟ್ಟವಾದ ಕಪ್ಪು ಮೀಸೆ ಇತ್ತು. ಬಾಯಿ ತುಂಬ ಹಲ್ಲಿದ್ದವು. ನಮ್ಮ ಯಜಮಾನರಿಗೆ ಎರಡೂ ಇಲ್ಲ.

"ಅಜ್ಜೀ! ಬೇಗ ಬಾರಬೇ! ಬೆನ್ನು ಹತ್ತೈತೆ! ಹರಿಹರದಿಂದ ನನ್ನ ಬೆನ್ನು ಹತ್ತೈತೆ!" ಎಂದು ಅವನು ಕಿರುಚಿದ.

ಏನು ಬೆನ್ನು ಹತ್ತಿದೆ ಎಂದು ನಾನೂ ಸುತ್ತ ನೋಡಬೇಕೆಂದಿದ್ದೆ. ಹಿಂದೆ ನೋಡುವ ಹಾಗಿಲ್ಲವಲ್ಲ, ಸುಮ್ಮನಾದೆ. ಆಮೇಲೆ ತಿಳಿಯಿತು, ಅವನು ಹೇಳುತ್ತಿದ್ದದ್ದು ನನ್ನನ್ನೇ!

ಊರು ಕಡರನಾಯಕನಹಳ್ಳಿ. ಹುಡುಗನ ಹೆಸರು ಹಾಲೇಶ. ಹೊಳೆ ಆಚೆಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟವನು. ದೆವ್ವ ಬೆನ್ನು ಹತ್ತಿದರೆ ಮಾತಾಡಿಸಬಾರದು, ತಿರುಗಿ ನೋಡಬಾರದು, ದೇವರ ನಾಮ ಹೇಳುತ್ತ ಗುಡಿ ಮುಟ್ಟಬೇಕು ಎಂದು ಅವನ ಅಜ್ಜಿ ಕಲಿಸಿದ್ದಳಂತೆ. ಕಲಿಸಿದಂತೆಯೇ ನಡೆದಿದ್ದ. ನಾನು ಗಂಗೆಯ ಕಟ್ಟಿನಲ್ಲಿ, ಅವನು ದೆವ್ವದ ಕಟ್ಟಿನಲ್ಲಿ. ಇಬ್ಬರೂ ಬಹಳ ಶಾಸ್ತ್ರೋಕ್ತವಾಗಿ ಪ್ರಯಾಣ ಮಾಡಿದ್ದೆವು.

ಆ ಅಜ್ಜಿಯೇ ಬಂದಳು. ಕೆಂಚಮ್ಮ. ನನ್ನ ವಯಸ್ಸಿನವಳೇ, ಕೈಯಲ್ಲಿ ಪೊರಕೆ. ಊರೂ ಬಂತು. ಅವರ ಕಣ್ಣಿಗೆ ನಾನು ಹೇಗೆ ಕಂಡಿರಬೇಕು ಯೋಚಿಸಿ. ಒದ್ದೆ ಸೀರೆ, ಗಾಳಿಗೆ ಕೆದರಿದ ಬಿಳಿ ಕೂದಲು, ಹಣೆ ತುಂಬ ವಿಭೂತಿ, ಬೆಳ್ಳಗೆ ಮಂಜು ಹಿಡಿದ ಕನ್ನಡಕ, ಕಂಕುಳಲ್ಲಿ ಕೊಡ. ಕೇಳಿದರೆ ಮಾತಿಲ್ಲ.

ಕೆಂಚಮ್ಮ ದೂರದಿಂದಲೇ ವಿಚಾರಣೆ ಶುರು ಮಾಡಿದಳು. "ಯಾವೂರು ನಿಂದು?"

ದಾವಣಗೆರೆ ಕಡೆ ಕೈ ತೋರಿಸಿದೆ.

"ಸುಡುಗಾಡಿನ ಕಡಿ ಕೈ ಮಾಡಕತ್ತಾಳಲ್ರೇ!" ಎಂದು ಹಿಂದಿನಿಂದ ಒಬ್ಬಳು ಚೀರಿದಳು. ಆ ಊರಿನ ಸ್ಮಶಾನ ಆ ದಿಕ್ಕಿನಲ್ಲೇ ಇರಬೇಕೇ!

"ಏನು ಬೇಕು ನಿನಗ? ಸೀರಿ ಬೇಕಾ? ಕೋಳಿ ಬೇಕಾ?"

ನಾವು ಕೋಳಿ ಮುಟ್ಟುವವರಲ್ಲ. ಜೋರಾಗಿ ತಲೆ ಆಡಿಸಿದೆ.

"ಕೋಳಿ ಬ್ಯಾಡಂತೆ. ಕುರಿನೇ ಬೇಕಂತೆ!"

ಫೋನ್ ಕೊಡಿ ಎನ್ನಲು ಹೆಬ್ಬೆರಳು ಕಿವಿಗೂ ಕಿರುಬೆರಳು ಬಾಯಿಗೂ ಹಿಡಿದು ತೋರಿಸಿದೆ.

"ಯವ್ವಾ, ಇನ್ನೂ ಯಾರನ್ನೋ ಕರೀತಾಳಂತೆ!"

ನಾನು ಕೈ ಆಡಿಸುವುದನ್ನು ನಿಲ್ಲಿಸಿದೆ. ಸುಮ್ಮನೆ ನಿಂತರೆ ಅದು ಇನ್ನೂ ಭಯಂಕರವಾಗಿ ಕಂಡಿರಬೇಕು, ಮುಂದಿದ್ದವರೆಲ್ಲ ಹಿಂದಕ್ಕೆ ಸರಿದರು. ಹಾಲೇಶ ಗುಡಿಯೊಳಗಿನಿಂದ, "ಅದರ ಕೈ ಎಷ್ಟು ತಣ್ಣಗೈತೆ ಗೊತ್ತಾ? ಬೆನ್ನು ತಟ್ಟಿ ತಟ್ಟಿ ನಡಿ ನಡಿ ಅಂತಿತ್ತು! ಕೊನಿಗೆ ಗುದ್ದಿತು!" ಎಂದು ಸಾಕ್ಷಿ ಹೇಳಿದ.

ಯಾರೋ ಕೆಂಡದ ಮೇಲೆ ಒಣಮೆಣಸಿನಕಾಯಿ ಹಾಕಿ ತಂದರು. ಹೊಗೆ ಬಂದು ಮುಖಕ್ಕೆ ಬಡಿಯಿತು. ಕೆಮ್ಮಿದೆ. ಯಜಮಾನರು ನಾಚುವ ಹಾಗೆ ಕೆಮ್ಮಿದೆ. ಕೆಮ್ಮು ಮಾತಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಆಮೇಲೆ ಬೇವಿನ ಸೊಪ್ಪು ಬಂತು. ಕೆಂಚಮ್ಮ ಧೈರ್ಯ ಮಾಡಿ ಹತ್ತಿರ ಬಂದು ಬೆನ್ನಿಗೆ ಒಂದು ಬಿಟ್ಟಳು. ತಡೆದುಕೊಂಡೆ. ಮಗಳ ಮುಖ ನೆನೆಸಿಕೊಂಡು ಇನ್ನೊಂದನ್ನೂ ತಡೆದುಕೊಂಡೆ. ಹುಟ್ಟಿದಾಗಿನಿಂದ ಏಟು ತಿಂದು ಸುಮ್ಮನಿದ್ದದ್ದು ಅದೇ ಮೊದಲು.

"ಏಟಿಗೂ ಬಗ್ಗವಲ್ದು" ಎಂದಳು ಕೆಂಚಮ್ಮ ಏದುಸಿರು ಬಿಡುತ್ತ. "ಆ ಕೊಡದಾಗ ಐತೆ ನೋಡ್ರಿ ಅದರ ಜೀವ! ಹೆಂಗ ಅವಚಿಕೊಂಡಾಳ ನೋಡ್ರಿ. ಕೊಡ ಕಸಗೊಂಡು ಚರಂಡಿಗೆ ಚೆಲ್ಲಿಬಿಡ್ರಿ!"

ಹೇಳಿದವಳೇ ಕೊಡಕ್ಕೆ ಕೈ ಹಾಕಿದಳು.

"ಮುಟ್ಟಿದ್ರ ಕೈ ಮುರೀತೀನಿ ಮೂಳಿ! ನನ್ನ ಮಗಳ ಮನಿ ಗಂಗಿ ಐತೆ ಇದು!"

ಆ ದನಿ ಯಾರದು ಎಂದು ಒಂದು ಗಳಿಗೆ ನನಗೇ ತಿಳಿಯಲಿಲ್ಲ. ನನ್ನದೇ. ಅಷ್ಟು ಹೊತ್ತು ಕಟ್ಟಿಟ್ಟ ಮಾತೆಲ್ಲ ಸೇರಿ ಗುಡಿಯ ಗಂಟೆ ಅಲುಗುವಷ್ಟು ಗಟ್ಟಿಯಾಗಿ ಬಂದಿತ್ತು. ಊರು ಅರ್ಧ ಖಾಲಿಯಾಯಿತು. ಪೊರಕೆ ಒಂದು ಕಡೆ, ಕೆಂಡ ಒಂದು ಕಡೆ.

ಕೊಡ ಉಳಿಯಿತು. ಕಟ್ಟು ಹೋಯಿತು.

ಹೋದದ್ದು ಹೋಯಿತು ಎಂದ ಮೇಲೆ ನಾನು ನಿಲ್ಲಿಸಲಿಲ್ಲ. ಹೊಳೆ, ಬಂಕು, ಬೀಗತಿ, ಗಂಡ, ಪೆಟ್ರೋಲ್ ಎಲ್ಲವನ್ನೂ ಉಸಿರು ತೆಗೆದುಕೊಳ್ಳದೆ ಹೇಳಿದೆ. ಓಡಿಹೋದವರು ಒಬ್ಬೊಬ್ಬರೇ ಗೋಡೆಯ ಹಿಂದಿನಿಂದ ಇಣುಕಿದರು.

ಕೆಂಚಮ್ಮನಿಗೆ ಇನ್ನೂ ಅರೆನಂಬಿಕೆ. "ಮನುಷ್ಯಳೇ ಆಗಿದ್ರ ನಿನ್ನ ಗಂಡನ ಹೆಸರು ಹೇಳು ನೋಡೋಣ."

ಮತ್ತೆ ನನ್ನ ಬಾಯಿ ಕಟ್ಟಿತು! ಮದುವೆಯಾದಾಗಿನಿಂದ ಗಂಡನ ಹೆಸರು ಬರಿ ಬಾಯಲ್ಲಿ ಹೇಳಿದವಳಲ್ಲ ನಾನು. ರೇಷನ್ ಅಂಗಡಿಯಲ್ಲಿ ಕೇಳಿದರೂ "ಬರಕೊಂಡಿದ್ದೀರಲ್ಲ, ನೋಡ್ರಿ" ಅಂದವಳು.

"ನೋಡ್ರಿ, ಹೆಸರು ಹೇಳವಲ್ಲಳು!" ಎಂದು ಜನ ಮತ್ತೆ ಹಿಂದೆ ಸರಿದರು. ಬೇವಿನ ಸೊಪ್ಪು ಮತ್ತೆ ಮೇಲೆದ್ದಿತು.

ಇನ್ನು ಒಂದೇ ದಾರಿ. ನಮ್ಮ ಕಡೆ ಹೆಂಗಸರು ಮದುವೆ ಸೀಮಂತಗಳಲ್ಲಿ ಗಂಡನ ಹೆಸರನ್ನು ಹೇಗೆ ಹೇಳುತ್ತಾರೋ ಹಾಗೆ, ಒಡಪಿನಲ್ಲಿ ಸೇರಿಸಿ ಹೇಳಿದರೆ ದೋಷವಿಲ್ಲ. ಕಂಕುಳಲ್ಲಿ ಕೊಡ ಇಟ್ಟುಕೊಂಡು, ಮೆಣಸಿನಕಾಯಿ ಹೊಗೆಯಲ್ಲಿ ಕಣ್ಣೀರು ಸುರಿಸುತ್ತ, ಅಲ್ಲೇ ಕಟ್ಟಿ ಹೇಳಿದೆ:

"ಹೊಳಿಗೆ ಹೋಗಿ ತುಂಬಿದೆ ತಾಮ್ರದ ಕೊಡ,
ಮಂಜಿನಾಗ ಕಾಣಲಿಲ್ಲ ಗಾಡಿಯ ಜಾಡ,
ರುದ್ರಪ್ಪನೋರು ಪೆಟ್ರೋಲ್ ಐತೆ ಅಂದ್ರು ನೋಡದೇ,
ಸಿಗಲಿ ಇವತ್ತು ಮನಿಯಾಗ, ಬಿಡೋದಿಲ್ಲ ಕೇಳದೇ!"

ಎತ್ತಿದ ಬೇವಿನ ಸೊಪ್ಪು ಕೆಳಗಿಳಿಯಿತು. ಆಮೇಲೆ ಕೆಂಚಮ್ಮ ಪಕಪಕ ನಗತೊಡಗಿದಳು. "ಲೇ ಹಾಲೇಶ, ಬಾರಲೇ ಈಚಿಗೆ! ದೆವ್ವ ಎಲ್ಲಾರ ಒಡಪು ಹೇಳ್ತದೇನಲೇ? ಗಂಡನ ಮ್ಯಾಲೆ ಇಷ್ಟು ಸಿಟ್ಟು ಇರೋದು ಜೀವಂತ ಹೆಂಗಸಿಗೇ!"

ಊರೆಲ್ಲ ನಕ್ಕಿತು. ಬಿಸಿ ಚಹಾ ಬಂತು. ಹೊಡೆದ ಕೈಯಿಂದಲೇ ಕೆಂಚಮ್ಮ ನನ್ನ ಬೆನ್ನು ಸವರಿದಳು. "ತಪ್ಪು ತಿಳಕೋಬ್ಯಾಡವ್ವ. ನಿನ್ನಂಥಾಕಿ ಬಾಯಿ ಮುಚ್ಚಿಕೊಂಡು ನಿಂತ್ರ ಯಾರಾದ್ರೂ ದೆವ್ವ ಅಂತಾರ." ಬೀಗತಿ ಆಡಿದ ಮಾತನ್ನೇ ಈಕೆ ಇನ್ನೊಂದು ರೀತಿಯಲ್ಲಿ ಆಡಿದಳು. ಜಗತ್ತಿನಲ್ಲಿ ನನ್ನ ಬಾಯಿಯ ಬಗ್ಗೆ ಎರಡು ಅಭಿಪ್ರಾಯ ಇಲ್ಲ.

ಫೋನ್ ಮಾಡೋಣವೆಂದರೆ ಯಜಮಾನರ ನಂಬರು ಗೊತ್ತಿಲ್ಲ. ನನ್ನ ಮೊಬೈಲಿನಲ್ಲಿ ಅವರು ನಂಬರಲ್ಲ, ಫೋಟೋ. ಮುಹೂರ್ತ ಹತ್ತಿರ ಬರುತ್ತಿತ್ತು. ಹಾಲೇಶ ನನ್ನನ್ನು ಶಾಮನೂರಿಗೆ ಬಿಡಲು ಒಪ್ಪಿದ. ಒಂದು ಷರತ್ತಿನ ಮೇಲೆ. "ಅಜ್ಜಿ, ದಾರಿ ತುಂಬ ಮಾತಾಡಿಕೋತ ಬರ್ರಿ. ಸುಮ್ಮನಾದ್ರ ನಾನು ಗಾಡಿ ಬಿಟ್ಟು ಓಡಿಬಿಡ್ತೀನಿ."

ಜೀವನದಲ್ಲಿ ಮೊದಲ ಬಾರಿಗೆ ಒಬ್ಬ ಗಂಡಸು ನನಗೆ ಮಾತಾಡು ಎಂದಿದ್ದ!

ಮಾತಾಡಿದೆ. ಆದರೆ ಒಳಗೆ ಲೆಕ್ಕಾಚಾರ ಬೇರೆ ನಡೆದಿತ್ತು. ಕಟ್ಟು ಮುರಿದಿದ್ದನ್ನು ಬೀಗತಿಗೆ ಹೇಳುವುದೇ, ಬಿಡುವುದೇ? ಹೇಳಿದರೆ ಗಿರಿಜಾಳ ಗತಿ? ಹೇಳುವುದಿಲ್ಲ ಎಂದು ತೀರ್ಮಾನಿಸಿದೆ. ಗಂಗಮ್ಮನ ಕೈಕಾಲು ಆಮೇಲೆ ಹಿಡಿದುಕೊಂಡರಾಯಿತು; ಬೀಗತಿಯ ಕೈಕಾಲು ಹಿಡಿಯುವುದು ನನ್ನಿಂದಾಗದು. "ಅಲ್ಲಿ ನೀನೂ ಬಾಯಿ ಬಿಡಬಾರದಪ್ಪ" ಎಂದು ಹಾಲೇಶನಿಗೂ ಹೇಳಿದೆ.

ಶಾಮನೂರು ಬಂತು. ಶಾಮಿಯಾನದ ಮುಂದೆ ಯಜಮಾನರು ಇನ್ನೂ ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದರು. ಅತ್ತದ್ದು ಕಾಣಬಾರದೆಂದೋ, ಅದರ ಬೆಲ್ಟು ಬಿಚ್ಚಲು ಬರಲಿಲ್ಲವೋ, ಇವತ್ತಿಗೂ ಹೇಳಿಲ್ಲ. ನನ್ನನ್ನು ನೋಡಿ "ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದರು. ಆಗಿದ್ದಿಷ್ಟು. ಬಂಕಿನವನು "ಮುಂದ ತಗೀರಿ ಯಜಮಾನ್ರ" ಎಂದು ಅವರ ಬೆನ್ನು ತಟ್ಟಿದ್ದಾನೆ. ಹೆಲ್ಮೆಟ್ಟಿನೊಳಗೆ ಮಾತು ಕೇಳಿಲ್ಲ, ತಟ್ಟಿದ್ದು ತಿಳಿದಿದೆ. ಒಪ್ಪಂದದಂತೆ ಹೊರಟೇಬಿಟ್ಟಿದ್ದಾರೆ! ದಾರಿಯುದ್ದಕ್ಕೂ 'ಪರವಾಗಿಲ್ಲ, ಹೇಳಿದ ಹಾಗೆ ಸುಮ್ಮನೆ ಕೂತಿದ್ದಾಳೆ' ಎಂದು ನನ್ನನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದಾರೆ. ಇಲ್ಲಿ ವಾಲಗದವರು ಊದಿದ್ದಾರೆ. ನೀಲಮ್ಮನವರು ಆರತಿ ತಂದು, ಗಡಿಬಿಡಿಯಲ್ಲಿ, ಖಾಲಿ ಸೀಟಿಗೆ ಬೆಳಗಿಬಿಟ್ಟಿದ್ದಾರೆ! ಆಮೇಲೆ ಇವರು ಬಂಕಿನ ತನಕ ಮತ್ತೆ ಹೋಗಿ, ಮಂಜನ್ನು ನೋಡಿ, ವಾಪಸ್ಸು ಬಂದಿದ್ದಾರೆ.

ನಾನು ಬಾಯಿ ಬಿಗಿದುಕೊಂಡು, ಎಲ್ಲೂ ನೋಡದೆ, ಕೊಡ ಹೊತ್ತು, ಹೊಸ್ತಿಲ ಕಡೆಗೆ ಗಂಭೀರವಾಗಿ ನಡೆದೆ. ಇಷ್ಟು ದೊಡ್ಡ ಸುಳ್ಳನ್ನು ಮಾತಿಲ್ಲದೆ ಹೇಳಿದ್ದು ನಾನೊಬ್ಬಳೇ ಇರಬೇಕು.

ಒಳಗೆ ಹೋಮದ ಹೊಗೆ ಆರುತ್ತಿತ್ತು. ನೆಂಟರು ಊಟದ ಎಲೆ ಹುಡುಕುತ್ತಿದ್ದರು. ಪೂಜೆ ಮುಗಿದಿತ್ತು!

"ಬಂದ್ರಾ? ಬರ್ರಿ ಬೀಗರೇ" ಎಂದರು ನೀಲಮ್ಮನವರು. "ಮುಹೂರ್ತ ಮೀರ್ತಿತ್ತು ನೋಡ್ರಿ. ನಲ್ಲಿ ಬಿಟ್ಟಿದ್ರು, ಅದನ್ನೇ ಒಂದು ಕೊಡ ಹಿಡಿದು ಪೂಜಿ ಮುಗಿಸಿಬಿಟ್ಟೆ. ನಲ್ಲಿಯಾಗ ಬರೋದೂ ಅದೇ ಹೊಳಿ ನೀರು ಅಲ್ಲೇನ್ರಿ? ಪೈಪಿನಾಗ ಬರ್ತದ, ಅದೇನು ಮಾತಾಡ್ತದಾ, ಹಿಂದೆ ತಿರುಗಿ ನೋಡ್ತದಾ?"

ಶಾಸ್ತ್ರ ಎಷ್ಟು ಕಟ್ಟುನಿಟ್ಟಾಗಿತ್ತೆಂದರೆ ನಲ್ಲಿಯಲ್ಲೂ ತಪ್ಪಿರಲಿಲ್ಲ.

ಗಿರಿಜಾ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಮೂಗು ಕೆಂಪಾಗಿತ್ತು. "ಅವ್ವಾ, ನೀರು ಹೊಳಿಗೆ ಹೋಗಲಿ, ನೀನು ಬಂದ್ಯಲ್ಲ" ಎಂದಳು. ನಾನು ಕೂಗಾಡಬೇಕೆಂದಿದ್ದೆ. ಬೆನ್ನು ಉರಿಯುತ್ತಿತ್ತು, ಗಂಟಲು ಮೆಣಸಿನಕಾಯಿಗೆ ಹೋಗಿತ್ತು. "ಮೊದಲು ಕಾಲು ತೊಳಕೋ" ಎಂದು ಯಜಮಾನರು ನನ್ನ ಕೈಯಿಂದ ಕೊಡ ತೆಗೆದುಕೊಂಡು, ಅದೇ ಗಂಗೆಯನ್ನು ನನ್ನ ಕೆಸರು ಕಾಲಿನ ಮೇಲೆ ಸುರಿದರು. ಒಂದು ಹನಿ ಚೆಲ್ಲದೆ ತಂದದ್ದು ಸಾರ್ಥಕವಾಯಿತು.

ಊಟಕ್ಕೆ ಹಾಲೇಶನನ್ನೂ ಕೂರಿಸಿದೆವು. ಹೋಳಿಗೆ ಬಡಿಸುವಾಗ ಎಲ್ಲ ಕಥೆಯೂ ಹೊರಗೆ ಬಂತು. ಹೇಳಿದ್ದು ನಾನೇ, ತಡೆಯಲಾಗಲಿಲ್ಲ. ನೀಲಮ್ಮನವರು ಸೆರಗು ಬಾಯಿಗಿಟ್ಟುಕೊಂಡು ನಕ್ಕು ನಕ್ಕು ಬಿಕ್ಕಿದರು. ಗಿರಿಜಾಳೂ ಅತ್ತೆಯ ಭುಜಕ್ಕೆ ಒರಗಿ ನಕ್ಕಳು. ಅದೊಂದು ಲಾಭ.

ಹಾಲೇಶ ಮಾತ್ರ ನಗಲಿಲ್ಲ. ಹೋಳಿಗೆ ಮುರಿದು ಹಾಗೇ ಹಿಡಿದುಕೊಂಡಿದ್ದ.

"ಅಜ್ಜಿ, ಒಂದು ಮಾತು ಕೇಳ್ಲಾ? ನೀವು ಹತ್ತಿದ್ದು ಬಂಕಿನಾಗ ಅಲ್ಲೇನ್ರಿ?"

"ಹೌದಪ್ಪ."

"ನನ್ನ ಗಾಡಿ ಹಿಂದೆ ಯಾರೋ ಕುಂತಂಗೆ ಭಾರ ಆಗಿದ್ದು ಬಂಕಿನಾಗ ಅಲ್ಲರಿ. ಹೊಳಿ ಸೇತುವಿ ಮ್ಯಾಲೆ. ಅದಕ್ಕೇ ನಾನು ಬಂಕಿನಾಗೂ ತಿರುಗಿ ನೋಡಲಿಲ್ಲ. ನಾನು ಒಬ್ಬನೇ ಹೋದೋನು. ಆ ಪೆಟ್ರೋಲ್ ಹಾಕೋನು ನನಗ ಏನಂದ ಗೊತ್ತೇನ್ರಿ? 'ನಿಮ್ಮ ಹಿಂದೆ ಕುಂತೋರ್ನ ಇಳಸ್ರಿ' ಅಂದ."

ತುಪ್ಪ ಬಡಿಸುತ್ತಿದ್ದವಳ ಕೈ ಅಲ್ಲೇ ನಿಂತಿತು, ತುಪ್ಪ ಮಾತ್ರ ಇಳಿಯುತ್ತಲೇ ಇತ್ತು.

ನಮ್ಮ ಯಜಮಾನರು ಒಮ್ಮೆ ಕೆಮ್ಮಿದರು. "ಅದು ಅಲ್ಲೇ ಇಳಿದು ಹೋಗೈತೆ ಬಿಡಪ್ಪ. ಇವಳು ಬರೋದು ನೋಡಿ ಹೆದರಿ ಓಡಿರಬೇಕು."

ಎಲ್ಲರೂ ಮತ್ತೆ ನಕ್ಕರು. ಹಾಲೇಶನೂ ನಕ್ಕ. ನಾನೂ ನಕ್ಕೆ.

ಆದರೆ ಒಂದು ಮಾತನ್ನು ನಾನು ಆ ಪಂಕ್ತಿಯಲ್ಲಿ ಹೇಳಲಿಲ್ಲ. ಯಾವ ಕಟ್ಟೂ ಇಲ್ಲದೆ ನಾನಾಗಿಯೇ ಸುಮ್ಮನಿದ್ದದ್ದು ಆ ದಿನದಲ್ಲಿ ಅದೊಂದೇ ಸಲ. ಆ ಚಳಿಯಲ್ಲಿ ಕೊಡ, ಕೈ, ಕಂಬ ಎಲ್ಲವೂ ಹಿಮದ ಹಾಗಿದ್ದವು. ನಾನು ಹತ್ತಿದಾಗ ಆ ಗಾಡಿಯ ಹಿಂದಿನ ಸೀಟು ಮಾತ್ರ ಬೆಚ್ಚಗಿತ್ತು, ಈಗ ತಾನೇ ಯಾರೋ ಎದ್ದು ಹೋದ ಹಾಗೆ.

ಹೆದರಿ ಓಡಿತೆಂದು ನನಗೆ ಅನ್ನಿಸುವುದಿಲ್ಲ. ಮರ್ಯಾದಸ್ತ ದೆವ್ವ ಇರಬೇಕು. ಕೊಡ ಹೊತ್ತು ನಡುಗುತ್ತ ಬರುವ ಮುದುಕಿಯನ್ನು ನೋಡಿ ಪಾಪ ಎನ್ನಿಸಿ ಎದ್ದು ಸೀಟು ಬಿಟ್ಟುಕೊಟ್ಟಿದೆ. ಇಷ್ಟು ವರ್ಷ ದಾವಣಗೆರೆ ಹರಿಹರದ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿದ್ದೇನೆ. ಬದುಕಿರುವವರು ಒಬ್ಬರೂ ಎದ್ದಿಲ್ಲ!